ನಡುಗುವ ಕಾರು ಮತ್ತು ಉಗರಗೋಳದ ಎರೆಮಣ್ಣು

ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ನಾವು ಯಾರೂ ನೇರವಾಗಿ ಔಷಧದ ಅಂಗಡಿಗೆ ಓಡಿ, ಕಣ್ಣಿಗೆ ಬಿದ್ದ ಶೀಶೆಯನ್ನು ಕೊಂಡು ತರುವುದಿಲ್ಲ. ಜ್ವರ ಯಾವಾಗ ಬಂದಿತು, ಚಳಿಯೊಡನೆ ಬಂದಿತೋ ಕೆಮ್ಮಿನೊಡನೆ ಬಂದಿತೋ, ಬೆಳಿಗ್ಗೆ ಏರುವುದೋ ಸಂಜೆ ಏರುವುದೋ ಎಂದು ವೈದ್ಯರು ಕೇಳುತ್ತಾರೆ. ನಾವು ನೆನಪು ಮಾಡಿಕೊಂಡು ಹೇಳುತ್ತೇವೆ. ಆದರೆ ಮನೆಯ ಕಾರಿಗೆ ನಡುಕ ಹತ್ತಿದಾಗ ಮಾತ್ರ ನಮ್ಮ ವಿವೇಕವೆಲ್ಲ ಎಲ್ಲಿಯೋ ಅಡಗಿಬಿಡುತ್ತದೆ. "ಕಾರು ನಡುಗುತ್ತದೆ, ನೋಡಿ" ಎಂಬ ಮೂರೇ ಮಾತು ಹೇಳಿ, ಬೀಗದ ಕೈಯನ್ನು ಗ್ಯಾರೇಜಿನವರಿಗೆ ಒಪ್ಪಿಸಿ, ಸಂಜೆ ಅವರು ಕೊಟ್ಟ ಬಿಲ್ಲಿಗೆ ಹಣ ತೆತ್ತು ಬರುತ್ತೇವೆ. ನಾನೂ ಹಾಗೆಯೇ ಮಾಡಿದವನು. ಅದರಿಂದ ಹಣ ಹೋದದ್ದು ದೊಡ್ಡ ಮಾತಲ್ಲ. ಮನೆಯವರ ಪ್ರಾಣಕ್ಕೇ ಸಂಚಕಾರ ಬರುವುದರಲ್ಲಿತ್ತು. ಆ ಪ್ರಸಂಗವನ್ನೇ ಈ ವಾರ ವಾಚಕರ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಶೀಗಿ ಹುಣ್ಣಿಮೆಗೆ ನನ್ನ ತಾಯಿಯವರನ್ನೂ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಧಾರವಾಡದಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆ. ಅಮ್ಮಿನಭಾವಿ, ಹಾರೋಬೆಳವಡಿ, ಇನಾಮಹೊಂಗಲಗಳನ್ನು ದಾಟಿ ಸುಮಾರು 40 ಕಿಲೋಮೀಟರು ಸಾಗಿದರೆ ಸವದತ್ತಿ. ರಟ್ಟರ ಕಾಲದಲ್ಲಿ ಸುಗಂಧವರ್ತಿ ಎನಿಸಿಕೊಂಡಿದ್ದ ಊರು. ಅಲ್ಲಿಂದ ಮುಂದೆ ಗುಡ್ಡ; ಗುಡ್ಡದ ಬಳಿಯಲ್ಲೇ ಉಗರಗೋಳ. ಹುಣ್ಣಿಮೆಯ ದಿನಗಳಲ್ಲಿ ಈ ದಾರಿಯ ಸಂಭ್ರಮವನ್ನು ನೋಡಿಯೇ ತಿಳಿಯಬೇಕು. ಕೊಂಬಿಗೆ ಬಣ್ಣ ಬಳಿದ ಎತ್ತುಗಳ ಚಕ್ಕಡಿಗಳು, ಟ್ರ್ಯಾಕ್ಟರುಗಳು, ಬಸ್ಸುಗಳು, ಭಂಡಾರದ ಹಳದಿ, "ಉಧೋ ಉಧೋ" ಎಂಬ ಘೋಷ. ಆ ಸಂದಣಿಯಲ್ಲಿ ಕಾರು ನಿಲ್ಲಿಸಲು ಸ್ಥಳ ಸಿಗದೆ, ಉಗರಗೋಳದ ಹೊರಗೆ ಒಂದು ಎರೆಹೊಲದ ಅಂಚಿನಲ್ಲಿ ನಿಲ್ಲಿಸಿದೆವು. ಹಿಂಗಾರಿ ಮಳೆ ಹಿಂದಿನ ದಿನವಷ್ಟೇ ಬಿದ್ದಿತ್ತು. ಮರಳಿ ಬಂದು ನೋಡಿದರೆ ಗಾಲಿಗಳು ಗೇಣುದ್ದ ಹೂತಿದ್ದವು. ನಾಲ್ಕಾರು ಜನ ಪುಣ್ಯಾತ್ಮರು ನೂಕಿ ಹೊರಗೆ ತಂದರು. ಕಾರಿನ ಹೊರಮೈಗೆ ಹತ್ತಿದ ಕೆಸರನ್ನು ಮಕ್ಕಳು ನೀರು ಹಾಕಿ ತೊಳೆದರು. ರಾತ್ರಿ ಅಲ್ಲಿಯೇ ತಂಗಿ, ಮರುದಿನ ಬಿಸಿಲೇರಿದ ಮೇಲೆ ಊರಿಗೆ ಹೊರಟೆವು.

ಸವದತ್ತಿಯನ್ನು ಬಿಟ್ಟು ಒಳ್ಳೆಯ ರಸ್ತೆಗೆ ಬಂದು ವೇಗ ಹೆಚ್ಚಿಸಿದೆನೋ ಇಲ್ಲವೋ, ಸ್ಟಿಯರಿಂಗು ನನ್ನ ಕೈಯಲ್ಲಿ ಗಡಗಡನೆ ನಡುಗಲು ತೊಡಗಿತು. ವೇಗ ತಗ್ಗಿಸಿದರೆ ನಿಂತಿತು. ಮತ್ತೆ 75ಕ್ಕೆ ಏರಿಸಿದರೆ ಮತ್ತೆ ನಡುಕ. ಹಿಂದಿನ ಸೀಟಿನಲ್ಲಿದ್ದ ತಾಯಿಯವರು ಸಣ್ಣ ದನಿಯಲ್ಲಿ, "ಉಡಿ ತುಂಬೂದು ಮರತಬಿಟ್ಟೆ ನೋಡಪಾ. ತಾಯಿ ಹಂಗ ಬಿಡ್ತಾಳೇನು?" ಎಂದರು. ಗದ್ದಲದಲ್ಲಿ ಹರಕೆಯ ಖಣವೂ ಅಕ್ಕಿಯೂ ಚೀಲದಲ್ಲೇ ಉಳಿದುಹೋಗಿದ್ದವು. ನಾನು, "ಅವ್ವಾ, ಇದು ಯಂತ್ರ. ಇದಕ್ಕ ಉಡೀ ಗೊತ್ತಿಲ್ಲ, ಖಣಾ ಗೊತ್ತಿಲ್ಲ" ಎಂದು ಸ್ವಲ್ಪ ಬಿರುಸಾಗಿಯೇ ಹೇಳಿಬಿಟ್ಟೆ. ಅವರು ಮತ್ತೆ ಮಾತನಾಡಲಿಲ್ಲ. ಆದರೆ ಆ ಚಿಂತೆ ಅವರ ಮನಸ್ಸಿನಿಂದ ಹೋಗಲಿಲ್ಲವೆಂಬುದು ನನಗೆ ಗೊತ್ತಿತ್ತು.

ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ನಾನು ಹೇಳಿದ್ದು ಆ ಮೂರೇ ಮಾತು. ಅವರು ಕೇಳಿದ್ದು ಅದಕ್ಕಿಂತಲೂ ಕಡಿಮೆ. ಮುಂದಿನ ಎರಡು ಷಾಕ್ ಅಬ್ಸಾರ್ಬರುಗಳನ್ನು ಬದಲಿಸಿದರು. ನಡುಕ ಹೋಗಲಿಲ್ಲ. ಕೆಲವು ವಾರ ಹಾಗೆಯೇ ಓಡಿಸಿ ಮತ್ತೆ ಒಯ್ದಾಗ, ಗಾಲಿಗಳನ್ನು ಬಿಚ್ಚಿ, ಯಂತ್ರದ ಮೇಲೆ ತಿರುಗಿಸಿ, ರಿಮ್ಮಿಗೆ ಅಲ್ಲಲ್ಲಿ ಸೀಸದ ತುಂಡುಗಳನ್ನು ಹೊಡೆದು ಸಮತೂಕ ಮಾಡಿಕೊಟ್ಟರು. ಆ ದಿನ ಕಾರು ಹೂವಿನ ಹಾಗೆ ಓಡಿತು. ಮೂರನೆಯ ದಿನ ಒಂದು ದೊಡ್ಡ ಗುಂಡಿಗೆ ಗಾಲಿ ಬಿದ್ದಿತು. ಅಂದಿನಿಂದ ನಡುಕ ಮತ್ತೆ ಪ್ರಾರಂಭವಾಯಿತು.

ಅಷ್ಟರಲ್ಲಿ ಹೊಸ್ತಿಲ ಹುಣ್ಣಿಮೆ ಬಂದಿತು. ತಾಯಿಯವರು, "ಈ ಸಲ ಉಡಿ ತುಂಬಿ ಬರೋಣು" ಎಂದರು. ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ. ಹೊರಟೆವು. ದಾರಿಯಲ್ಲಿ ಒಂದು ಹೊಸ ಲಕ್ಷಣ ಕಂಡಿತು. ಎತ್ತಿನ ಗಾಡಿಯ ಹಿಂದೆ 20ರ ವೇಗದಲ್ಲಿ ಹೋಗುವಾಗಲೂ ಮುಂಭಾಗ ಸಣ್ಣಗೆ ಹೊಯ್ದಾಡುತ್ತಿತ್ತು. ಎಡಗಡೆಯಿಂದ "ಟಕ್ ಟಕ್" ಎಂಬ ಸಪ್ಪಳ ಕೇಳುತ್ತಿತ್ತು. "ಹಳೆಯ ರೋಗವೇ ಹೆಚ್ಚಾಯಿತು" ಎಂದುಕೊಂಡು ನಾನು ಓಡಿಸುತ್ತಲೇ ಹೋದೆ. ಇದೇ ನಾನು ಮಾಡಿದ ದೊಡ್ಡ ತಪ್ಪು. ವಾಚಕರು ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಉಗರಗೋಳದಲ್ಲಿ ರಸ್ತೆಯ ಪಕ್ಕಕ್ಕೆ ಒಂದು ಪಂಕ್ಚರ್ ಅಂಗಡಿ. ತಗಡಿನ ಮಾಡು, ಗಾಳಿ ತುಂಬುವ ಯಂತ್ರ, ನೀರಿನ ತೊಟ್ಟಿ, ಗೋಡೆಗೆ ಆತುಕೊಂಡ ಹಳೆಯ ಟೈರುಗಳು. ಅಂಗಡಿಯವರು ಅರವತ್ತು ದಾಟಿದ ಮುದುಕರು. ಎಲ್ಲರೂ ಅವರನ್ನು "ಕಾಕಾ" ಎಂದೇ ಕರೆಯುತ್ತಿದ್ದರು. ಅವರ ತಂದೆ ಚಕ್ಕಡಿಯ ಗಾಲಿ ಮಾಡುವ ಬಡಿಗರಾಗಿದ್ದರಂತೆ. ಗಾಳಿ ನೋಡಿಸಲೆಂದು ನಿಲ್ಲಿಸಿದವನು ಮಾತಿಗೆ ಮಾತು ಬಂದು, "ಕಾಕಾ, ಗಾಡಿ ನಡಗತೈತಿ" ಎಂದೆ. ಅವರು ಪಾನಾ ಕೆಳಗಿಟ್ಟು ಕೇಳಿದರು:

"ಯಾವಾಗ ನಡಗತೈತ್ರೀ? ನಿಂತಾಗೋ, ಓಡೂವಾಗೋ, ಬ್ರೇಕ್ ಒತ್ತಿದಾಗೋ?"

"ಓಡುವಾಗ."

"ಎಷ್ಟರ ಸ್ಪೀಡಿಗೆ ಚಾಲೂ ಆಗತೈತಿ?"

"ಮೊದಲು 75ಕ್ಕೆ ಆಗುತ್ತಿತ್ತು. ಈಗ 20ಕ್ಕೂ ಆಗುತ್ತದೆ."

"ಕೈಗೆ ತಿಳೀತೈತೋ, ಕುಂತ ಸೀಟಿಗೆ ತಿಳೀತೈತೋ?"

"ಕೈಗೆ. ಮತ್ತೆ ಈಗ ಎಡಕ್ಕೆ ಟಕ್ ಟಕ್ ಅನ್ನುತ್ತದೆ."

ಕಾಕಾ ಎದ್ದು ನಿಂತರು. "ಹಂಗಾದ್ರ ಅವು ಎರಡು ಜಡ್ಡು ಅದಾವ್ರೀ ಸಾಹೇಬ್ರ, ಒಂದಲ್ಲ. ಮೊದಲ ಎಲ್ಲಾರನ್ನೂ ಕೆಳಗ ಇಳಸ್ರಿ" ಎಂದರು. ಎಡಗಡೆಯ ಮುಂದಿನ ಗಾಲಿಯ ಬಳಿ ಕುಳಿತು, ಮುಚ್ಚಳ ತೆಗೆದು, ನಟ್ಟುಗಳ ಮೇಲೆ ಬೆರಳಿಟ್ಟರು. ನಾಲ್ಕು ನಟ್ಟುಗಳಲ್ಲಿ ಎರಡು ಬರಿಯ ಬೆರಳಿಗೇ ತಿರುಗಿದವು.

ನನ್ನ ಮೈ ತಣ್ಣಗಾಯಿತು. ಸಮತೂಕ ಮಾಡಲು ಗಾಲಿ ಬಿಚ್ಚಿದವರು ನಟ್ಟುಗಳನ್ನು ಸರಿಯಾಗಿ ಬಿಗಿದಿರಲಿಲ್ಲ. ಬಿಗಿದರೋ ಇಲ್ಲವೋ ಎಂದು ನಾನೂ ನೋಡಿರಲಿಲ್ಲ. ಮುಂದೆ ಗುಡ್ಡದ ಏರು, ಬರುವಾಗ ಅದರ ಇಳಿಜಾರು, ಕಾರಿನಲ್ಲಿ ಮಕ್ಕಳು. ಕಾಕಾ ಹೆಚ್ಚು ಮಾತನಾಡಲಿಲ್ಲ. "ಚಕ್ಕಡಿಗೆ ಕಡಾಣಿ ಹೆಂಗೋ, ಇದಕ್ಕ ಈ ನಟ್ಟು ಹಂಗ. ಎತ್ತು ಹೂಡೂಕಿಂತ ಮೊದಲ ನಮ್ಮಪ್ಪ ಕಡಾಣಿ ಮುಟ್ಟಿ ನೋಡ್ತಿದ್ದ" ಎಂದಷ್ಟೇ ಹೇಳಿ ಗಾಲಿಯನ್ನು ಬಿಚ್ಚಿದರು. ಬೋಲ್ಟುಗಳ ಎಳೆ ಸವೆದಿಲ್ಲ, ರಿಮ್ಮಿನ ತೂತುಗಳು ಹಿಗ್ಗಿಲ್ಲ ಎಂದು ಬೆಳಕಿಗೆ ಹಿಡಿದು ನೋಡಿದರು. ಅವು ಕೆಟ್ಟಿದ್ದರೆ ಬಿಗಿದರೂ ಪ್ರಯೋಜನವಿಲ್ಲ, ಬದಲಿಸಲೇಬೇಕು.

ಅನಂತರ ಗಾಲಿಯನ್ನು ಮಗುಚಿದರು. ರಿಮ್ಮಿನ ಒಳಮೈಯಲ್ಲಿ, ಹೊರಗಿನಿಂದ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅಂಗೈ ಅಗಲದ ಕರಿಯ ಹೆಂಟೆಯೊಂದು ಇಟ್ಟಿಗೆಯಂತೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಅದರ ಪಕ್ಕದಲ್ಲಿಯೇ ಇನ್ನೊಂದು ಹೆಂಟೆ ಕಿತ್ತು ಬಿದ್ದ ಗುರುತು. ಸ್ಕ್ರೂಡ್ರೈವರಿನಿಂದ ಮೀಟಿ ಕಾಕಾ ಅದನ್ನು ನನ್ನ ಕೈಗೆ ಹಾಕಿದರು. "ನಮ್ಮೂರ ಎರಿಮಣ್ಣು ರೀ. ಶೀಗಿ ಹುಣ್ಣಿವಿಗೆ ಬಂದು ಒಯ್ದಿದ್ರಿ, ಈಗ ತಿರುಗಿ ಕೊಟ್ಟೀರಿ" ಎಂದು ನಕ್ಕರು.

ಎರೆಮಣ್ಣಿನ ಸ್ವಭಾವವನ್ನು ಬಯಲುಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅದರಲ್ಲಿರುವ ನುಣುಪಾದ ಜೇಡಿಯ ಅಂಶ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಒಣಗಿದಾಗ ಕುಗ್ಗಿ ಕಲ್ಲಾಗುತ್ತದೆ. ಹೊಲದಲ್ಲಿ ಬಾಯಿಬಿಡುವ ಬಿರುಕುಗಳಿಗೂ, ಈ ಭಾಗದ ರಸ್ತೆಗಳು ಅಲೆಯಂತೆ ಏಳುವುದಕ್ಕೂ ಇದೇ ಕಾರಣ. ಆದರೆ ಒಂದು ಹಿಡಿ ಮಣ್ಣು ಸಾವಿರ ಕಿಲೋಗ್ರಾಮಿನ ಕಾರನ್ನು ನಡುಗಿಸಬಲ್ಲುದೇ ಎಂದು ಯಾರಿಗಾದರೂ ಸಂಶಯ ಬರಬಹುದು. ಲೆಕ್ಕ ಹಾಕಿ ನೋಡೋಣ.

ಚಿಕ್ಕ ಕಾರಿನ ಗಾಲಿಯ ಸುತ್ತಳತೆ ಸುಮಾರು 1.75 ಮೀಟರು. ಗಂಟೆಗೆ 80 ಕಿಲೋಮೀಟರಿನ ವೇಗದಲ್ಲಿ ಅದು ಸೆಕೆಂಡಿಗೆ ಹನ್ನೆರಡು ಹದಿಮೂರು ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ 50 ಗ್ರಾಂ ಮಣ್ಣು ಕುಳಿತಿದ್ದರೆ, ಆ ವೇಗದಲ್ಲಿ ಅದು ಗಾಲಿಯನ್ನು ಹೊರಕ್ಕೆ ಎಳೆಯುವ ಬಲ ಸುಮಾರು ಐದೂವರೆ ಕಿಲೋಗ್ರಾಮಿನ ಭಾರಕ್ಕೆ ಸಮನಾಗುತ್ತದೆ. ಗಾಲಿ ತಿರುಗಿದಂತೆ ಈ ಎಳೆತ ಒಮ್ಮೆ ಮೇಲಕ್ಕೆ, ಒಮ್ಮೆ ಮುಂದಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಹಿಂದಕ್ಕೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಆದುದರಿಂದ 40ರ ವೇಗದಲ್ಲಿ ಅದೇ ಮಣ್ಣಿನ ಎಳೆತ ಒಂದೂವರೆ ಕಿಲೋಗ್ರಾಮಿಗೂ ಕಡಿಮೆ. ಊರೊಳಗೆ ಓಡಿಸುವಾಗ ಕಾರು ಸಾಧುವಾಗಿದ್ದು, ಹೆದ್ದಾರಿಗೆ ಬಂದಾಗ ನಡುಗುವುದೇಕೆ ಎಂಬುದಕ್ಕೆ ಇದೇ ಉತ್ತರ.

ಇನ್ನೊಂದು ಸಂಗತಿಯುಂಟು. ನಾಗರಪಂಚಮಿಯಲ್ಲಿ ಜೋಕಾಲಿ ತೂಗುವವರನ್ನು ನೋಡಿದ್ದೀರಷ್ಟೆ. ಜೋಕಾಲಿಗೆ ತನ್ನದೇ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ಮೆಲ್ಲಗೆ ನೂಕಿದರೂ ಅದು ಕೊಂಬೆಯೆತ್ತರಕ್ಕೆ ಹೋಗುತ್ತದೆ. ಲಯ ತಪ್ಪಿಸಿ ಎಷ್ಟು ಬಲವಾಗಿ ನೂಕಿದರೂ ಏರುವುದಿಲ್ಲ. ಸ್ಪ್ರಿಂಗಿನ ಮೇಲೆ ಕುಳಿತ ಗಾಲಿಗೂ ಅಂತಹ ಲಯವಿದೆ: ಸೆಕೆಂಡಿಗೆ ಸುಮಾರು ಹತ್ತರಿಂದ ಹದಿನೈದು ಸಲ. ಗಾಲಿಯ ಸುತ್ತು ಈ ಎಣಿಕೆಗೆ ಸಮೀಪಿಸಿದಾಗ ನಡುಕ ಹೆಚ್ಚುತ್ತದೆ. ಅದನ್ನು ದಾಟಿದಾಗ ಎಷ್ಟೋ ವೇಳೆ ತಾನಾಗಿಯೇ ತಗ್ಗುತ್ತದೆ. ಹಾಗೆಂದು ವೇಗ ಹೆಚ್ಚಿಸಿ ನಡುಕದಿಂದ ಪಾರಾಗುವುದು ಚಿಕಿತ್ಸೆಯಲ್ಲ. ಷಾಕ್ ಅಬ್ಸಾರ್ಬರಿನ ಕೆಲಸ ಈ ತೂಗಾಟವನ್ನು ಅಡಗಿಸುವುದು. ಅದು ಸವೆದಿದ್ದರೆ ನಡುಕ ಹೆಚ್ಚಾಗಿ ಕಾಣುತ್ತದೆ. ಆದರೆ ನೂಕುವ ಕೈ ಬೇರೆಯೇ ಇರುತ್ತದೆ. ಹೊಸ ಷಾಕ್ ಅಬ್ಸಾರ್ಬರು ಹಾಕಿಸಿಯೂ ನನ್ನ ಕಾರು ನಡುಗಿದ್ದರ ಮರ್ಮ ಇದು.

ಸಮತೂಕ ಮಾಡಿಸಿದ್ದೂ ವ್ಯರ್ಥವಾದದ್ದೇಕೆ? ಗ್ಯಾರೇಜಿನವರು ಮಣ್ಣನ್ನು ಕೆರೆಯದೆ, ಮಣ್ಣನ್ನೂ ಸೇರಿಸಿಯೇ ತೂಕ ಸರಿಮಾಡಿದ್ದರು. ಗುಂಡಿಗೆ ಬಿದ್ದಾಗ ಒಂದು ಹೆಂಟೆ ಉದುರಿತು. ಅದಕ್ಕೆ ಎದುರಾಗಿ ಹೊಡೆದ ಸೀಸ ಮಾತ್ರ ಉಳಿಯಿತು. ಹೀಗೆ ಮದ್ದೇ ರೋಗವಾಯಿತು.

ಈಗ, ವಾಚಕರ ಉಪಯೋಗಕ್ಕಾಗಿ, ಕಾಕಾ ಅವರ ಪ್ರಶ್ನೆಗಳನ್ನೇ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ. ಗ್ಯಾರೇಜಿಗೆ ಹೋಗುವ ಮೊದಲು ಇವುಗಳಿಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗತಕ್ಕದ್ದು.

ಎಲ್ಲಕ್ಕಿಂತ ಮೊದಲು, ದೋಷ ಕಾರಿನದೋ ರಸ್ತೆಯದೋ? ಬೇರೊಂದು ಒಳ್ಳೆಯ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿರಿ. ಅಲ್ಲಿ ನಡುಕವಿಲ್ಲದಿದ್ದರೆ ಕಾರು ನಿರಪರಾಧಿ.

ಕಾರು ನಿಂತಿದ್ದು ಇಂಜಿನು ಮಾತ್ರ ಓಡುವಾಗ ನಡುಕವಿದೆಯೇ? ಇದ್ದರೆ ಗಾಲಿಗಳ ತಂಟೆಗೆ ಹೋಗಬೇಡಿರಿ. ಇಂಜಿನಿನ ಒಂದು ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ, ಅಥವಾ ಇಂಜಿನನ್ನು ಹೊತ್ತ ರಬ್ಬರಿನ ಮೆತ್ತೆಗಳು ಹರಿದಿವೆ. ಸ್ಪಾರ್ಕ್ ಪ್ಲಗ್ಗುಗಳಿಂದ ಪರೀಕ್ಷೆ ಪ್ರಾರಂಭವಾಗಲಿ.

ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ನಡುಗುತ್ತದೆಯೇ? ಬಹುಶಃ ಗಾಲಿಯ ಸಮತೂಕ ತಪ್ಪಿದೆ. ಸ್ಟಿಯರಿಂಗು ನಡುಗಿದರೆ ಮುಂದಿನ ಗಾಲಿ; ಸೀಟು ಮತ್ತು ನೆಲ ನಡುಗಿದರೆ ಹಿಂದಿನ ಗಾಲಿ ಎಂದು ಸಾಮಾನ್ಯವಾಗಿ ತಿಳಿಯಬಹುದು. ಸಮತೂಕ ಬೇರೆ, ಗಾಲಿಗಳ ನೇರ ನೋಡುವ ಅಲೈನ್‌ಮೆಂಟ್ ಬೇರೆ. ಎರಡನೆಯದು ತಪ್ಪಿದರೆ ಕಾರು ಒಂದು ಮಗ್ಗುಲಿಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ನಡುಕ ಅದರ ಮುಖ್ಯ ಲಕ್ಷಣವಲ್ಲ. ಒಂದಕ್ಕೆ ಇನ್ನೊಂದನ್ನು ಮಾಡಿಸಿ ನಿರಾಶರಾಗುವವರು ಬಹಳ.

ಬ್ರೇಕು ಒತ್ತಿದಾಗ ಮಾತ್ರ ನಡುಗುತ್ತದೆಯೇ? ಹಾಗಿದ್ದರೆ ಬ್ರೇಕಿನ ಡಿಸ್ಕು ಎಲ್ಲ ಕಡೆಯೂ ಒಂದೇ ದಪ್ಪವಾಗಿ ಉಳಿದಿಲ್ಲ, ಅಥವಾ ಡ್ರಮ್ಮು ದುಂಡಗೆ ಉಳಿದಿಲ್ಲ. ಗುಡ್ಡ ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಟ್ಟುಕೊಂಡು ಬರುವವರು ಅದನ್ನು ಕಾಯಿಸಿ ಕೆಡಿಸುತ್ತಾರೆ. ಕೆಳಗಿನ ಗೇರಿನಲ್ಲಿ ಇಳಿಯುವುದೇ ಮೇಲು. ಇಂಜಿನು ನಿಲ್ಲಿಸಿ ಇಳಿಯುವ ಉಳಿತಾಯವಂತೂ ಎಂದಿಗೂ ಬೇಡ. ಬ್ರೇಕಿಗೆ ಸಿಗುವ ಯಂತ್ರದ ಸಹಾಯವೇ ತಪ್ಪಿಹೋಗುತ್ತದೆ. ಹೊಸ ಕಾರುಗಳಲ್ಲಿ ಬ್ರೇಕನ್ನು ಒಮ್ಮೆಲೇ ಬಲವಾಗಿ ಒತ್ತಿದಾಗ ಪಾದದ ಕೆಳಗೆ ಕಾಣುವ ಪಟಪಟ ಬಡಿತ ಮಾತ್ರ ದೋಷವಲ್ಲ. ಗಾಲಿ ಕಚ್ಚಿ ಜಾರದಂತೆ ಕಾಯುವ ಏರ್ಪಾಟಿನ ಕೆಲಸ ಅದು.

ವೇಗ ಹೆಚ್ಚಿಸಲು ಕಾಲು ಒತ್ತಿದಾಗ ನಡುಗಿ, ಕಾಲು ತೆಗೆದಾಗ ನಿಲ್ಲುತ್ತದೆಯೇ? ಇಂಜಿನಿನ ಬಲವನ್ನು ಗಾಲಿಗೆ ಒಯ್ಯುವ ದಂಡದ ಕೀಲುಗಳು ಸವೆದಿರಬೇಕು. ಹಳೆಯ ಅಂಬಾಸಿಡರಿನಂತೆ ಹಿಂದಿನ ಗಾಲಿ ನೂಕುವ ಕಾರುಗಳಲ್ಲಿ, ಕಾರಿನ ಉದ್ದಕ್ಕೂ ಹೋಗುವ ದಂಡದ ಕೀಲುಗಳನ್ನು ನೋಡಬೇಕು.

ಅನೇಕ ದಿನ ನಿಲ್ಲಿಸಿದ ಕಾರು ಹೊರಟಾಗ ನಡುಗಿ, ನಾಲ್ಕಾರು ಕಿಲೋಮೀಟರು ಓಡಿದ ಮೇಲೆ ಸರಿಹೋಗುತ್ತದೆಯೇ? ಟೈರು ನಿಂತಲ್ಲಿಯೇ ಚಪ್ಪಟೆಯಾಗಿತ್ತು, ಬಿಸಿಯಾಗಿ ದುಂಡಗಾಯಿತು. ಆದರೂ ಟೈರು ತಣ್ಣಗಿರುವಾಗ ಗಾಳಿಯನ್ನು ಅಳೆಯಿಸಿರಿ. ಟೈರಿನ ವಯಸ್ಸನ್ನೂ ನೋಡಿರಿ. ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ಅದು ತಯಾರಾಯಿತೆಂದು ಅರ್ಥ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು. ಕಡಿಮೆ ವೇಗದಲ್ಲಿಯೂ ಹೊಯ್ದಾಟವಿದ್ದು ದಿನದಿನಕ್ಕೆ ಹೆಚ್ಚುತ್ತಿದೆಯೇ? ಲಯಬದ್ಧವಾದ ಸಪ್ಪಳವಿದೆಯೇ? ಟೈರಿನ ಪಕ್ಕದಲ್ಲಿ ಅಥವಾ ಮೈಮೇಲೆ ಬಾವು ಎದ್ದಿದೆಯೇ? ಗಾಲಿ ಬಿಚ್ಚಿಸಿದ ಮೇಲೆ ಈ ನಡುಕ ಹೊಸದಾಗಿ ಬಂದಿದೆಯೇ? ಹಾಗಿದ್ದರೆ ಮುಂದಿನ ಊರಿನವರೆಗೆ ಹೋಗೋಣವೆಂಬ ಯೋಚನೆ ಬೇಡ. ಮೆಲ್ಲಗೆ ರಸ್ತೆಯ ಬದಿಗೆ ನಿಲ್ಲಿಸಿರಿ, ಜನರನ್ನು ಇಳಿಸಿರಿ, ನಟ್ಟುಗಳನ್ನು ನೋಡಿರಿ. ಬಾವು ಬಂದ ಟೈರು ಯಾವ ಕ್ಷಣದಲ್ಲಾದರೂ ಸಿಡಿಯಬಹುದು. ಸಡಿಲವಾದ ನಟ್ಟು ಗಾಲಿಯನ್ನೇ ಬಿಟ್ಟುಕೊಡಬಹುದು. ನಟ್ಟುಗಳನ್ನು ಸುತ್ತಿನ ಕ್ರಮದಲ್ಲಲ್ಲ, ಒಂದಾದ ಮೇಲೆ ಅದರ ಎದುರಿನದು ಎಂಬ ಕ್ರಮದಲ್ಲಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಬೇಕು. 50ರಿಂದ 100 ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು.

ಕಾಕಾ ಅವರು ಹಾಗೆಯೇ ಬಿಗಿದುಕೊಟ್ಟರು. ಉಳಿದ ಮೂರು ಗಾಲಿಗಳನ್ನೂ ನೋಡಿದರು. "ಮಣ್ಣು ಹೋತು, ಸೀಸ ಉಳೀತು. ಧಾರವಾಡಕ್ಕ ಹೋದಮ್ಯಾಲ ಮತ್ತೊಮ್ಮೆ ತೂಕ ಮಾಡಸ್ರಿ. ಅಲ್ಲೀತನಾ ಅರವತ್ತರ ಮ್ಯಾಲ ಹೋಗಬ್ಯಾಡ್ರಿ" ಎಂದರು. ತಮಗೆ ಆಗುವುದೆಷ್ಟು, ಯಂತ್ರಕ್ಕೆ ಬಿಡಬೇಕಾದುದೆಷ್ಟು ಎಂಬ ತಿಳಿವು ಅವರಿಗೆ ಚೆನ್ನಾಗಿತ್ತು. ಅವರು ಕೇಳಿದ ಕೂಲಿ ಗ್ಯಾರೇಜಿನ ಬಿಲ್ಲಿನ ಮುಂದೆ ಲೆಕ್ಕಕ್ಕೇ ಬಾರದು.

ಗುಡ್ಡಕ್ಕೆ ಹೋಗಿ, ಉಡಿ ತುಂಬಿ, ಸಂಜೆ ಅದೇ ದಾರಿಯಲ್ಲಿ ಬರುವಾಗ ತಾಯಿಯವರು ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿದರು. ಪ್ರಸಾದದ ತೆಂಗಿನಕಾಯಿ ಹೋಳನ್ನು ಕಾಕಾ ಅವರ ಕೈಗೆ ಕೊಟ್ಟು, "ಮರತ ಹರಕಿ ತೀರಸ್ಲಿಕ್ಕೆ ಬಂದ್ವಿ. ಇಲ್ಲಂದ್ರ ನಿಮ್ಮ ಅಂಗಡಿ ನಮಗ ಎಲ್ಲಿ ಸಿಗತಿತ್ತು? ದೇವೀನ ಕರಿಸ್ಯಾಳ" ಎಂದರು. ನಾನು ಈ ಸಲ ಎದುರಾಡಲಿಲ್ಲ.

ಕಾಕಾ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಹೇಳಿದರು: "ಕರಿಸ್ಯಾಳ್ರೀ ಯವ್ವಾ, ಖರೇ ಐತಿ. ಆದ್ರ ನಟ್ಟು ಮಾತ್ರ ನೀವ ನೋಡ್ಕೋಬೇಕು."